ಗುರುತು ಹಾಕೋ ಎಂಜೈಮ್ ಜಾಗ ತಪ್ಪತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದಾವೆ, ಐದೂ ದಾವಣಗೆರೆ-ಚಿತ್ರದುರ್ಗದ ಕಡೆಯಿಂದಾನೇ ಬಂದಿರೋದು. ಹೋದ ತಿಂಗಳು ಇಲ್ಲೇ ಎರಡು ಸಾಲು ಬರ್ದಿದ್ದೆ, ಡಿಎನ್‌ಎ ಅನ್ನೋ ಎ, ಟಿ, ಜಿ, ಸಿ ಅಕ್ಷರಗಳ ಉದ್ದ ಸಾಲಲ್ಲಿ ಕೆಲವು ಎಂಜೈಮ್‌ಗಳು ತಮಗೆ ಬೇಕಾದ ನಾಲ್ಕೋ ಆರೋ ಅಕ್ಷರದ ಪದ ಹುಡುಕಿ, ಅದರಲ್ಲಿ ಒಂದು ಅಕ್ಷರಕ್ಕೆ ಮೀಥೈಲ್ ಗುಂಪು ಅಂಟಿಸ್ತಾವೆ ಅಂತ. ಮೀಥೈಲ್ ಅಂದ್ರೆ ಒಂದು ಕಾರ್ಬನ್ನು ಮೂರು ಹೈಡ್ರೋಜನ್ನು, ಅಷ್ಟೇ ಸಣ್ಣ ಗುರುತು. ಆ ಎರಡು ಸಾಲಿಗೆ ಇಷ್ಟು ಪ್ರಶ್ನೆ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಬಹಳ ಖುಷಿ ಆಯ್ತು, ಹಂಗಾಗಿ ಈ ತಿಂಗಳು ಪೂರ್ತಿ ಇದಕ್ಕೇ ಕೊಡ್ತೀನಿ.

ಪ್ರಶ್ನೆ: ಸರ್, ನಾನು ದಾವಣಗೆರೇಲಿ ಎಂಎಸ್ಸಿ ಬಯೋಟೆಕ್ ಎರಡನೇ ವರ್ಷ ಓದ್ತಿದೀನಿ. ಪ್ರಾಜೆಕ್ಟಿಗೆ ಒಂದು ಜೀನ್ ತಗೊಂಡು ಪ್ಲಾಸ್ಮಿಡ್ (ಬ್ಯಾಕ್ಟೀರಿಯಾ ಒಳಗೆ ಬೆಳೆಸೋ ಸಣ್ಣ ಉಂಗುರದಂಥ ಡಿಎನ್‌ಎ) ಒಳಗೆ ಹಾಕಿದೀನಿ, ಅದರ ಎರಡೂ ತುದೀಲಿ ಎಕ್ಸ್‌ಬಾ-ಒನ್ ಎಂಜೈಮ್ ಕತ್ತರಿಸೋ ಸೈಟ್ ಇದೆ. ಕಟ್ ಮಾಡಿ, ತುಂಡುಗಳನ್ನ ಉದ್ದದ ಪ್ರಕಾರ ಬೇರೆ ಮಾಡೋ ಜೆಲ್ ಓಡಿಸಿದ್ರೆ ಎರಡು ಬ್ಯಾಂಡ್ ಬರ್ಬೇಕು, ಒಂದೇ ಬರ್ತಿದೆ. ಮೂರು ಸಲ ಮಾಡ್ದೆ, ಎಂಜೈಮ್ ಹೊಸ ಟ್ಯೂಬ್ ತರಿಸಿದ್ವಿ, ಆದ್ರೂ ಅಷ್ಟೇ. ಸೀಕ್ವೆನ್ಸಿಂಗ್ ರಿಪೋರ್ಟಲ್ಲಿ ಎರಡೂ ಸೈಟ್ ಸರಿಯಾಗೇ ಇದಾವೆ. ಪಿಸಿಆರ್ ಪ್ರಾಡಕ್ಟ್ (ಟ್ಯೂಬಲ್ಲೇ ಕಾಪಿ ಮಾಡಿದ ಡಿಎನ್‌ಎ) ಆಗಿದ್ದಾಗ ಎರಡೂ ಕಡೆ ಚೆನ್ನಾಗೇ ಕಟ್ ಆಗಿತ್ತು. ಗೈಡ್ ನನ್ನ ಕೈಕೆಲಸ ಸರಿಯಿಲ್ಲ ಅಂತಿದಾರೆ. ಎಲ್ಲಿ ತಪ್ತಿದೆ?

ನೋಡಮ್ಮ, ನಿನ್ನ ಕೈಕೆಲಸ ಸರಿಯಾಗೇ ಇದೆ, ಮೊದಲು ಅದನ್ನ ತಲೆಯಿಂದ ತೆಗಿ. ನಿನ್ನ ಪತ್ರದ ಕೊನೇ ಮಾತಲ್ಲೇ ಉತ್ತರ ಇದೆ, ಪಿಸಿಆರ್ ಆಗಿದ್ದಾಗ ಕಟ್ ಆಗಿದ್ದು ಬ್ಯಾಕ್ಟೀರಿಯಾ ಒಳಗೆ ಹೋಗಿ ಬಂದ್ಮೇಲೆ ಕಟ್ ಆಗ್ತಿಲ್ಲ ಅಂದ್ರೆ ಒಳಗೆ ಯಾರೋ ಅದರ ಮೇಲೆ ಏನೋ ಮಾಡಿದಾರೆ ಅಂತ ಅರ್ಥ. ಸೀಕ್ವೆನ್ಸ್ ಫೈಲ್ ಓಪನ್ ಮಾಡು, ಎಕ್ಸ್‌ಬಾ-ಒನ್ ಓದೋ ಪದ ಟಿ-ಸಿ-ಟಿ-ಎ-ಜಿ-ಎ ಅಲ್ವಾ, ಕಟ್ ಆಗದೇ ಇರೋ ಕಡೆ ಅದು ಮುಗಿದ ತಕ್ಷಣ ಮುಂದಿನ ಎರಡು ಅಕ್ಷರ ಏನಿದೆ ನೋಡು. ಟಿ-ಸಿ ಇರತ್ತೆ. ಇಲ್ಲಾಂದ್ರೆ ಪದ ಶುರು ಆಗೋಕ್ಕಿಂತ ಮುಂಚೆ ಜಿ-ಎ ಇರತ್ತೆ. ಈಗ ಕೊನೇ ಜಿ-ಎ ಜೊತೆ ಆ ಟಿ-ಸಿ ಸೇರಿಸಿ ಓದು, ಜಿ-ಎ-ಟಿ-ಸಿ ಆಯ್ತು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಡ್ಯಾಮ್ ಅಂತ ಒಂದು ಮೀಥೈಲೇಸ್, ಅಂದ್ರೆ ಮೀಥೈಲ್ ಅಂಟಿಸೋ ಎಂಜೈಮ್ ಇದೆ, ಅದು ಓದೋ ಪದ ಇದೇನೇ, ಜಿ-ಎ-ಟಿ-ಸಿ ಎಲ್ಲಿ ಕಂಡ್ರೂ ಅದರ ಎ ಅಕ್ಷರಕ್ಕೆ ಮೀಥೈಲ್ ಅಂಟಿಸಿಬಿಡತ್ತೆ. ಆ ಎ ನಿನ್ನ ಎಕ್ಸ್‌ಬಾ-ಒನ್ ಸೈಟಿನ ಕೊನೇ ಎ ಕೂಡ ಹೌದು, ಮೀಥೈಲ್ ಕೂತ್ಮೇಲೆ ಎಕ್ಸ್‌ಬಾ-ಒನ್ ಆ ಜಾಗಾನ ಕತ್ತರಿಸಲ್ಲ. ಸೀಕ್ವೆನ್ಸಿಂಗ್ ರಿಪೋರ್ಟಲ್ಲಿ ಮೀಥೈಲ್ ಕಾಣಲ್ಲ, ಎ ಅಂತಾನೇ ಪ್ರಿಂಟ್ ಆಗತ್ತೆ. ಪಿಸಿಆರ್ ಟ್ಯೂಬಲ್ಲಿ ಡ್ಯಾಮ್ ಇರಲ್ಲ, ಹಂಗಾಗಿ ಅಲ್ಲಿ ಕಟ್ ಆಯ್ತು.

ನನಗೂ ಇದೇ ಆಗಿತ್ತು, ಬಹಳ ವರ್ಷದ ಹಿಂದೆ, ಪೂರ್ತಿ ಎರಡು ವಾರ ಹೋಯ್ತು. ನೀರು ಬದಲಾಯಿಸ್ದೆ, ಬಫರ್ ಬದಲಾಯಿಸ್ದೆ, ಇಂಕ್ಯುಬೇಟರ್ ಟೆಂಪರೇಚರ್ ಮೇಲೆ ಅನುಮಾನ ಪಟ್ಟು ಥರ್ಮಾಮೀಟರ್ ಇಟ್ಟು ಕಾಯ್ದೆ, ಕೊನೆಗೆ ಒಬ್ಬ ಸೀನಿಯರ್ ಬಂದು ಸೀಕ್ವೆನ್ಸ್ ಪ್ರಿಂಟೌಟ್ ಮೇಲೆ ಪೆನ್ಸಿಲಲ್ಲಿ ನಾಲ್ಕು ಅಕ್ಷರಕ್ಕೆ ರೌಂಡ್ ಹಾಕಿ ಹೋದ್ರು, ಮಾತೂ ಆಡ್ಲಿಲ್ಲ. ಆ ಪೆನ್ಸಿಲ್ ರೌಂಡ್ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ.

ದಾರಿ ಸುಲಭ. ಡ್ಯಾಮ್ ಇಲ್ಲದ ಸ್ಟ್ರೇನ್, ಅಂದ್ರೆ ಇ. ಕೋಲಿ ತಳಿ ಸಿಗತ್ತೆ, ಜೆಎಂ110 ಅಂತ ಒಂದಿದೆ, ಅಂಥದ್ದಕ್ಕೆ ಪ್ಲಾಸ್ಮಿಡ್ ಹಾಕಿ ಬೆಳೆಸಿ ಮತ್ತೆ ಮಿನಿಪ್ರೆಪ್ ಮಾಡು, ಅಂದ್ರೆ ಪ್ಲಾಸ್ಮಿಡ್ ಹೊರಗೆ ತೆಗಿ, ಕಟ್ ಆಗತ್ತೆ. ಆದ್ರೆ ಆ ಸ್ಟ್ರೇನಲ್ಲೇ ಪ್ಲಾಸ್ಮಿಡ್‌ನ ತಿಂಗಳುಗಟ್ಟಲೆ ಇಡಬೇಡ, ಯಾಕೆ ಅಂತ ಕೆಳಗೆ ಹೇಳ್ತೀನಿ. ಗೈಡಿಗೆ ಸಾಕ್ಷಿ ಬೇಕಂದ್ರೆ ಈಗಿರೋ ಪ್ಲಾಸ್ಮಿಡನ್ನೇ ಎರಡು ಟ್ಯೂಬಲ್ಲಿ ಹಾಕು, ಒಂದಕ್ಕೆ ಡಿಪಿಎನ್-ಒನ್, ಇನ್ನೊಂದಕ್ಕೆ ಎಂಬಿಓ-ಒನ್. ಎರಡೂ ಜಿ-ಎ-ಟಿ-ಸಿನೇ ಓದ್ತಾವೆ, ಮೊದಲನೇದು ಮೀಥೈಲ್ ಇದ್ರೆ ಮಾತ್ರ ಕತ್ತರಿಸತ್ತೆ, ಎರಡನೇದು ಮೀಥೈಲ್ ಇದ್ರೆ ಕತ್ತರಿಸಲ್ಲ. ಒಂದು ಟ್ಯೂಬ್ ಪುಡಿಪುಡಿ, ಇನ್ನೊಂದು ಹಂಗೇ ಇಡಿಯಾಗಿ, ಒಂದೇ ಜೆಲ್ಲಲ್ಲಿ ಅಕ್ಕಪಕ್ಕ ಕಾಣತ್ತೆ, ಅದರ ಮೇಲೆ ವಾದ ಮಾಡೋಕೆ ಏನೂ ಉಳಿಯಲ್ಲ.

ಇನ್ನೊಂದು ಮಾತು, ಇದು ನಿನ್ನ ಪ್ರಶ್ನೇಲಿ ಇರ್ಲಿಲ್ಲ ಆದ್ರೆ ನನಗೆ ಬಹಳ ಇಷ್ಟವಾದ ವಿಷಯ. ಆ ಜೆಲ್ಲಲ್ಲಿ ಎರಡನೇ ಬ್ಯಾಂಡ್ ಇಲ್ಲವೇ ಇಲ್ಲ ಅಂತ ಬರ್ದಿದೀಯಲ್ಲ, ತೆಳುವಾಗಿಯೂ ಇಲ್ವಾ ಅಂತ ಇನ್ನೊಂದ್ಸಲ ನೋಡು. ಒಂದು ಟ್ಯೂಬಲ್ಲಿ ಕೋಟಿ ಕೋಟಿ ಪ್ಲಾಸ್ಮಿಡ್ ಇರ್ತಾವೆ, ಡ್ಯಾಮ್ ನೂರರಲ್ಲಿ ಹತ್ತು ಬಿಟ್ಟಿದ್ರೂ ಆ ಹತ್ತು ಪಾಲು ಕಟ್ ಆಗಿ ಮಸುಕಾಗಿ ಒಂದು ಗೆರೆ ಕಾಣ್ಬೇಕಿತ್ತು. ಅದೂ ಇಲ್ಲ ಅಂದ್ರೆ ಆ ಎಂಜೈಮ್ ಹೆಚ್ಚುಕಮ್ಮಿ ಒಂದನ್ನೂ ಬಿಟ್ಟಿಲ್ಲ. ನೀನು ಫೇಲ್ ಆಯ್ತು ಅಂತ ಬಿಸಾಡಿದ ಜೆಲ್ ಮೀಥೈಲೇಸ್ ಎಷ್ಟು ಶ್ರದ್ಧೆಯಿಂದ ಕೆಲಸ ಮಾಡತ್ತೆ ಅನ್ನೋದರ ಅಳತೆ ಆಗಿತ್ತು, ಫೋಟೋ ಇದ್ರೆ ಡಿಲೀಟ್ ಮಾಡಬೇಡ, ಥೀಸಿಸಲ್ಲಿ ಹಾಕು.

ಪ್ರಶ್ನೆ: ಚಿತ್ರದುರ್ಗದ ಪಿಯು ಕಾಲೇಜೊಂದರಲ್ಲಿ ಬಯಾಲಜಿ ಪಾಠ ಮಾಡ್ತೀನಿ ಸರ್. ರಿಸ್ಟ್ರಿಕ್ಷನ್ ಎಂಜೈಮ್ ಪಾಠದಲ್ಲಿ ಇಕೋ-ಆರ್-ಒನ್ ಜಿ-ಎ-ಎ-ಟಿ-ಟಿ-ಸಿ ಅನ್ನೋ ಜಾಗ ಕತ್ತರಿಸತ್ತೆ, ಬ್ಯಾಕ್ಟೀರಿಯಾ ತನ್ನ ಡಿಎನ್‌ಎನ ಕಾಪಾಡ್ಕೊಳ್ಳೋಕೆ ಅದೇ ಜಾಗಕ್ಕೆ ಮೀಥೈಲ್ ಹಾಕ್ಕೊಂಡಿರತ್ತೆ ಅಂತ ಹೇಳ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, ಮೇಡಂ ಎರಡೂ ಎಂಜೈಮ್ ಒಂದೇ ಪದ ಓದ್ತಾವೆ ಅಂದ್ರೆ ಎರಡೂ ಅಷ್ಟೇ ಸರಿಯಾಗಿ ಓದ್ತಾವಾ, ಒಂದಕ್ಷರ ಆಚೀಚೆ ಇದ್ರೆ ಮೋಸ ಹೋಗಲ್ವಾ ಅಂದ. ನನ್ನ ಹತ್ರ ಉತ್ತರ ಇರ್ಲಿಲ್ಲ.

ಮೇಡಂ, ಆ ಹುಡುಗನಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ. ಈ ತಿಂಗಳ ಐದು ಪತ್ರದಲ್ಲಿ ಇದು ದೊಡ್ಡ ಪ್ರಶ್ನೆ, ಸ್ವಲ್ಪ ಉದ್ದ ಹೇಳ್ತೀನಿ.

ಎರಡೂ ಅಷ್ಟೇ ನಿಖರ ಅಲ್ಲ. ಕತ್ತರಿಸೋ ಎಂಜೈಮ್ ಬಹಳ ಕಟ್ಟುನಿಟ್ಟು, ಮೀಥೈಲ್ ಹಾಕೋದು ಸ್ವಲ್ಪ ಸಡಿಲ. ಯಾಕೆ ಅನ್ನೋದನ್ನ ನಿಮ್ಮ ಕಡೇ ಕುರಿ ಮಂದೆ ಇಟ್ಕೊಂಡೇ ಹೇಳ್ತೀನಿ, ನಮ್ಮ ತಾಯಿ ಊರು ಚಳ್ಳಕೆರೆ ಕಡೆ, ಚಿಕ್ಕವನಿದ್ದಾಗ ನೋಡಿದ್ದು. ಬೇರೆಯವರ ಮಂದೆ ಜೊತೆ ಬೆರೆಯೋ ಮುಂಚೆ ನಮ್ಮಜ್ಜ ತನ್ನ ಕುರಿಗಳ ಬೆನ್ನಿಗೆ ಕೆಂಪು ಬಣ್ಣದ ಗುರುತು ಹಾಕ್ತಿದ್ದ. ಸಂಜೆ ಗುರುತಿಲ್ಲದ ಕುರಿ ನಮ್ಮದಲ್ಲ ಅಂತ ಲೆಕ್ಕ. ಈಗ ಬಣ್ಣ ಹಾಕೋನು ಎರಡು ಥರ ತಪ್ಪಬಹುದು, ತನ್ನ ಕುರಿ ಒಂದಕ್ಕೆ ಹಾಕೋದು ಮರೀಬಹುದು, ಇಲ್ಲಾ ಪಕ್ಕದವನ ಕುರಿಗೆ ತಪ್ಪಿ ಬಳೀಬಹುದು. ಮೊದಲನೇದು ಆದ್ರೆ ಕುರಿ ಹೋಯ್ತು. ಎರಡನೇದು ಆದ್ರೆ ಒಂದು ಮಾತು ಬರತ್ತೆ ಹೋಗತ್ತೆ, ಕುರಿ ಏನೂ ಸಾಯಲ್ಲ. ಅದೇ ಮಂದೇಲಿ ಗುರುತಿಲ್ಲದ್ದನ್ನ ಹಿಡಿದು ಕಡಿಯೋನು ಒಬ್ಬ ಇದ್ರೆ ಅವನು ತಪ್ಪೋ ಹಂಗೇ ಇಲ್ಲ, ಒಂದು ತಪ್ಪಿದ್ರೂ ಜೀವ ಹೋಯ್ತು.

ಬ್ಯಾಕ್ಟೀರಿಯಾದಲ್ಲೂ ಹಂಗೇ. ಇಕೋ-ಆರ್-ಒನ್ ಇರೋದೇ ಫೇಜ್ ವೈರಸ್ ಒಳಗೆ ನುಗ್ಗಿದ್ರೆ ಅದರ ಡಿಎನ್‌ಎ ಕಡಿಯೋಕೆ. ಸ್ವಂತ ಕ್ರೋಮೋಸೋಮಲ್ಲಿ ಗುರುತಿಲ್ಲದ ತಪ್ಪು ಜಾಗ ಕಡಿದ್ರೆ ಕೋಶಾನೇ ಸಾಯಬಹುದು. ಮೀಥೈಲೇಸ್ ತಪ್ಪು ಜಾಗಕ್ಕೆ ಒಂದು ಮೀಥೈಲ್ ಜಾಸ್ತಿ ಅಂಟಿಸಿದ್ರೆ ಆ ಜಾಗಾನ ಕಡಿಯೋರು ಹೆಂಗೂ ಯಾರೂ ಇಲ್ಲ, ತಡ್ಕೊಳ್ಳತ್ತೆ. ಆದ್ರೆ ಸರಿಯಾದ ಜಾಗ ಒಂದನ್ನ ಬಿಟ್ರೆ ಮಾತ್ರ ಕತ್ತರಿ ಬಂದು ಬೀಳತ್ತೆ. ಹಂಗಾಗಿ ಕತ್ತರಿಗೆ ಬೇಕಾಗಿರೋದು ತಪ್ಪು ಜಾಗ ಮುಟ್ಟದೇ ಇರೋ ನಿಖರತೆ, ಗುರುತಿನವನಿಗೆ ಬೇಕಾಗಿರೋದು ಒಂದನ್ನೂ ಬಿಡದೇ ಇರೋ ನಿಖರತೆ. ನಾವು ಎರಡಕ್ಕೂ ನಿಖರತೆ ಅಂತ ಒಂದೇ ಪದ ಹಾಕ್ತೀವಿ, ಅಲ್ಲೇ ಗೊಂದಲ ಶುರು ಆಗೋದು. ಯಾವುದಾದ್ರೂ ಎಂಜೈಮ್ ಇಷ್ಟು ನಿಖರ ಅಂತ ಯಾರಾದ್ರೂ ಹೇಳಿದ್ರೆ ಯಾವ ಥರದ ತಪ್ಪಿನ ಲೆಕ್ಕ ಹೇಳ್ತಿದೀರಿ ಅಂತ ಕೇಳ್ಲೇಬೇಕು.

ತಪ್ಪೋಕೆ ಅವಕಾಶ ಎಷ್ಟಿದೆ ಅಂತ ಬೋರ್ಡ್ ಮೇಲೆ ಲೆಕ್ಕ ಮಾಡಿಸಿ, ಮಕ್ಕಳಿಗೆ ಇಷ್ಟ ಆಗತ್ತೆ. ಆರಕ್ಷರದ ಪದದಲ್ಲಿ ಒಂದೇ ಒಂದು ಅಕ್ಷರ ಬೇರೆ ಇರೋ ಪದ ಎಷ್ಟು? ಪ್ರತಿ ಜಾಗದಲ್ಲಿ ಬೇರೆ ಮೂರು ಅಕ್ಷರ ಕೂರಬಹುದು, ಆರು ಮೂರಲ ಹದಿನೆಂಟು. ಅಂದ್ರೆ ನಿಜವಾದ ಸೈಟ್ ಒಂದಿದ್ರೆ ಅದರಂಗೇ ಕಾಣೋ ನಕಲಿ ಸೈಟ್ ಸುಮಾರು ಹದಿನೆಂಟು ಇರ್ತಾವೆ. ಡ್ಯಾಮ್ ಓದೋ ನಾಲ್ಕಕ್ಷರಕ್ಕೆ ಹನ್ನೆರಡು. ಇ. ಕೋಲಿ ಜೀನೋಮ್ ಸುಮಾರು 46 ಲಕ್ಷ ಅಕ್ಷರ, ಅದರಲ್ಲಿ ಜಿ-ಎ-ಟಿ-ಸಿ ಸುಮಾರು 19,000 ಕಡೆ ಇದೆ, ಒಂದಕ್ಷರ ತಪ್ಪಿದ ನಕಲಿಗಳು 2 ಲಕ್ಷಕ್ಕೂ ಮೇಲೆ ಆಗ್ತಾವೆ. ಇಷ್ಟರ ಮಧ್ಯೆ ಕೆಲಸ ಮಾಡೋ ಡ್ಯಾಮ್ ಅಣುಗಳು ವೇಗವಾಗಿ ಬೆಳೆಯೋ ಒಂದು ಕೋಶದಲ್ಲಿ ಬರೀ 130ರ ಆಸುಪಾಸು. ಡಿಎನ್‌ಎ ಮೇಲೆ ಒಂದು ಕಡೆ ಕೂತ್ರೆ ಅದನ್ನ ಬಿಡದೆ ಜಾರ್ಕೊಂಡು ಜಾರ್ಕೊಂಡು ಮುಂದಿನ ಸೈಟ್‌ಗೆ ಹೋಗತ್ತೆ, ಅದಕ್ಕೇ ಇಷ್ಟು ಕಮ್ಮಿ ಜನ ಇದ್ರೂ ಕೆಲಸ ಮುಗಿಯತ್ತೆ.

ಈಗ ಅದು ಓದೋದು ಹೆಂಗೆ. ಒಂದೇ ನೋಟಕ್ಕೆ ಓದಿ ಮುಗ್ಸಲ್ಲ, ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆ ಮಾಡತ್ತೆ. ಮೊದಲು ಸುಮ್ನೆ ಸಡಿಲವಾಗಿ ಹಿಡ್ಕೊಂಡು ಜಾರತ್ತೆ, ಪದ ಹೊಂದಿದ್ರೆ ಬಿಗಿಯಾಗಿ ಅಪ್ಪಿಕೊಳ್ಳತ್ತೆ, ತನ್ನ ಆಕಾರಾನೂ ಬದಲಾಯಿಸ್ಕೊಳ್ಳತ್ತೆ, ಅದೂ ಸರಿ ಹೋದ್ರೆ ಕೊನೆಗೆ ಮೀಥೈಲ್ ವರ್ಗಾವಣೆ. ಪ್ರತಿ ಮೆಟ್ಟಿಲಲ್ಲೂ ನಕಲಿ ಸೈಟ್‌ಗಳು ಸ್ವಲ್ಪ ಸ್ವಲ್ಪ ಉದುರಿ ಹೋಗ್ತಾವೆ, ಒಂದೊಂದು ಕಡೆ ಹತ್ತು ಪಟ್ಟು ಸೋಸಿದ್ರೂ ಮೂರು ಮೆಟ್ಟಿಲಿಗೆ ಸಾವಿರ ಪಟ್ಟು ಆಗತ್ತೆ, ಗುಣಾಕಾರ ಅಲ್ವಾ. ಟ್ಯೂಬಲ್ಲಿ ಅಳೆದಾಗ ಕೆಲವು ನಕಲಿ ಸೈಟ್‌ಗಳ ಮೇಲೆ ಡ್ಯಾಮ್ ನೂರಾರು ಪಟ್ಟು ನಿಧಾನ, ಕೆಲವುದರ ಮೇಲೆ ಸಾವಿರಾರು ಪಟ್ಟು ನಿಧಾನ, ಯಾವ ಅಕ್ಷರ ತಪ್ಪಿದೆ ಅನ್ನೋದರ ಮೇಲೆ ಹೋಗತ್ತೆ. ಪ್ರತಿ ಅಕ್ಷರ ಮುಟ್ಟಿ ನೋಡೋಕೆ ಎಂಜೈಮಲ್ಲಿ ಬೇರೆ ಬೇರೆ ಬೆರಳಿದ್ದಂಗೆ. ಎಂಜೈಮ್ ಅಂದ್ರೆ ಅಮೈನೋ ಆಸಿಡ್‌ಗಳ ಸರ, ಡ್ಯಾಮ್‌ನ ಸರದಲ್ಲಿ 9ನೇ ಜಾಗದಲ್ಲಿರೋ ಲೈಸಿನ್ ಅನ್ನೋ ಅಮೈನೋ ಆಸಿಡ್ ಮೊದಲನೇ ಜಿ ಅಕ್ಷರ ಮುಟ್ಟಿ ನೋಡೋದು, ಆ ಲೈಸಿನ್ ತೆಗೆದು ಅಲನಿನ್ ಹಾಕಿದ್ರೆ ಎಂಜೈಮ್ ಕೆಲಸ ಮಾಡತ್ತೆ ಆದ್ರೆ ಮೊದಲನೇ ಅಕ್ಷರ ಯಾವುದು ಅನ್ನೋ ಗೊಡವೇನೇ ಬಿಟ್ಟುಬಿಡತ್ತೆ.

ಇನ್ನೊಂದು ಅದ್ಭುತ ಇದೆ. ಮೀಥೈಲ್ ಹಾಕ್ಬೇಕಾದ ಅಕ್ಷರ ಡಿಎನ್‌ಎ ಏಣಿಯ ಒಳಗೆ, ತನ್ನ ಜೋಡಿ ಜೊತೆ ಕೈ ಹಿಡ್ಕೊಂಡು ಕೂತಿರತ್ತೆ, ಎಂಜೈಮ್ ಅಲ್ಲಿಗೆ ಕೈ ಹಾಕೋದು ಹೆಂಗೆ ಅಂತ ಬಹಳ ದಿನ ತಲೆ ಕೆಡಿಸ್ಕೊಂಡಿದ್ರು. 1994ರಲ್ಲಿ ಎಚ್‌ಎಚ್‌ಎ-ಒನ್ ಅನ್ನೋ ಮೀಥೈಲೇಸ್ ಡಿಎನ್‌ಎ ಹಿಡ್ಕೊಂಡಿರೋ ಭಂಗಿಯ ಚಿತ್ರವನ್ನ ಎಕ್ಸ್-ರೇ ವಿಧಾನದಲ್ಲಿ ಕ್ಲಿಮಾಷೌಸ್ಕಸ್, ಕುಮಾರ್, ರಾಬರ್ಟ್ಸ್, ಚೆಂಗ್ ಸೇರಿ ತೆಗೆದ್ರು. ನೋಡಿದ್ರೆ ಆ ಸಿ ಅಕ್ಷರ ಪೂರ್ತಿ ಹೊರಗೆ ತಿರುಗಿ ಎಂಜೈಮಿನ ಜೇಬಿನೊಳಗೆ ಕೂತಿದೆ! ಏಣಿ ಮುರಿದಿಲ್ಲ, ಒಂದು ಅಕ್ಷರ ಮಾತ್ರ ಹೊರಗೆ. ನಿಮ್ಮ ಕೋಟೆ ಹತ್ರ ಓಬವ್ವನ ಕಿಂಡಿ ಇದೆಯಲ್ಲ ಮೇಡಂ, ಎಷ್ಟೇ ದಂಡು ಬಂದ್ರೂ ಅಲ್ಲಿ ಒಬ್ಬೊಬ್ಬನೇ ತೂರಿ ಬರ್ಬೇಕು, ಬಂದೋನು ಯಾರು ಅಂತ ಅಲ್ಲಿ ನೋಡ್ಬಹುದು, ಆ ಜೇಬೂ ಹಂಗೇ. ಇದರಲ್ಲಿ ಒಂದು ಸ್ವಾರಸ್ಯ ಏನಂದ್ರೆ, ಆ ಜಾಗದಲ್ಲಿ ಬೇಕಂತಲೇ ಜೋಡಿ ತಪ್ಪಿದ ಅಕ್ಷರ ಇಟ್ಟು ನೋಡಿದ್ರೆ ಎಚ್‌ಎಚ್‌ಎ-ಒನ್ ಅದನ್ನ ಇನ್ನೂ ಬಿಗಿಯಾಗಿ ಹಿಡ್ಕೊಳ್ಳತ್ತೆ, ಯಾಕಂದ್ರೆ ಜೋಡಿ ಸಡಿಲ ಇದ್ರೆ ಹೊರಗೆ ತಿರುಗಿಸೋದು ಸುಲಭ. ಬಿಗಿಯಾಗಿ ಹಿಡಿದ ಮಾತ್ರಕ್ಕೆ ಸರಿಯಾದ ಜಾಗ ಸಿಕ್ಕಿದೆ ಅಂತಲ್ಲ ಅನ್ನೋದು ಇದರಿಂದ ಗೊತ್ತಾಗತ್ತೆ.

ಕತ್ತರಿ ಯಾಕೆ ಹೆಚ್ಚು ಕಟ್ಟುನಿಟ್ಟು ಅನ್ನೋಕೆ ಕಟ್ಟಡದಲ್ಲೇ ಕಾರಣ ಇದೆ. ಇಕೋ-ಆರ್-ಒನ್ ಕತ್ತರಿ ಜೋಡಿಯಾಗಿ ಬರತ್ತೆ, ಎರಡು ಅಣು ಸೇರಿ ಎರಡೂ ಎಳೆ ನೋಡ್ತಾವೆ, ಇಬ್ಬರೂ ಒಪ್ಪಬೇಕು. ಮೀಥೈಲೇಸ್ ಸಾಮಾನ್ಯವಾಗಿ ಒಂಟಿ, ಒಂದು ಸಲಕ್ಕೆ ಒಂದು ಎಳೆ. ಅದಕ್ಕೆ ಹಂಗೇ ಇರ್ಬೇಕು ಕೂಡ, ಯಾಕಂದ್ರೆ ಡಿಎನ್‌ಎ ನಕಲಾದ ತಕ್ಷಣ ಹಳೇ ಎಳೇಲಿ ಗುರುತು ಇರತ್ತೆ ಹೊಸದರಲ್ಲಿ ಇರಲ್ಲ, ಅರ್ಧ ಗುರುತಿನ ಸೈಟ್ ಅದು, ಅಲ್ಲಿ ಒಂದು ಎಳೆಯ ಕೆಲಸ ಮಾತ್ರ ಬಾಕಿ.

ಆ ಅರ್ಧ ಗುರುತಿನ ಸಮಯ ಇದೆಯಲ್ಲ, ಡ್ಯಾಮ್ ವಿಷಯದಲ್ಲಿ ಅದು ಬಹಳ ಬೆಲೆಯುಳ್ಳದ್ದು. ನಕಲು ಮಾಡುವಾಗ ಅಕ್ಷರ ತಪ್ಪಿದ್ರೆ ತಿದ್ದೋಕೆ ಮ್ಯೂಟ್-ಎಸ್, ಮ್ಯೂಟ್-ಎಲ್, ಮ್ಯೂಟ್-ಎಚ್ ಅಂತ ಒಂದು ತಂಡ ಇದೆ. ಎರಡು ಎಳೇಲಿ ಯಾವುದು ಹೊಸದು ಯಾವುದು ಹಳೇದು ಅಂತ ಅದಕ್ಕೆ ಗೊತ್ತಾಗೋದು ಈ ಗುರುತಿಂದಾನೇ, ಗುರುತಿಲ್ಲದ ಎಳೆ ಹೊಸದು, ತಪ್ಪು ಅಲ್ಲೇ ಇರ್ಬೇಕು ಅಂತ ಅದನ್ನ ಕತ್ತರಿಸಿ ತಿದ್ದತ್ತೆ. ಡ್ಯಾಮ್ ಇಲ್ಲದ ಸ್ಟ್ರೇನಲ್ಲಿ ಗುರುತೇ ಇಲ್ಲ, ಮ್ಯುಟೇಷನ್ ಜಾಸ್ತಿ ಆಗ್ತಾವೆ, ದಾವಣಗೆರೆ ಹುಡುಗಿಗೆ ಪ್ಲಾಸ್ಮಿಡ್ ಅಲ್ಲಿಡಬೇಡ ಅಂದಿದ್ದು ಇದಕ್ಕೇ. ಡ್ಯಾಮ್ ವಿಪರೀತ ಜಾಸ್ತಿ ಮಾಡಿದ್ರೂ ಮ್ಯುಟೇಷನ್ ಜಾಸ್ತಿ, ತಿದ್ದೋ ತಂಡ ಬರೋ ಮುಂಚೇನೇ ಹೊಸ ಎಳೆಗೂ ಗುರುತು ಬಿದ್ದುಬಿಡತ್ತೆ. ಸರಿಯಾದ ಜಾಗಕ್ಕೆ ಹಾಕಿದ್ರೆ ಸಾಲ್ದು, ಸರಿಯಾದ ಹೊತ್ತಿಗೂ ಹಾಕ್ಬೇಕು.

ಲ್ಯಾಬಲ್ಲಿ ಮಾತ್ರ ಒಂದು ಎಚ್ಚರಿಕೆ. ಒಳ್ಳೇ ಎಂಜೈಮನ್ನೂ ನಾವು ಕೆಡಿಸಬಹುದು. ಗ್ಲಿಸರಾಲ್ ಜಾಸ್ತಿ, ಉಪ್ಪು ಕಮ್ಮಿ, ಮೆಗ್ನೀಷಿಯಂ ಬದಲು ಮ್ಯಾಂಗನೀಸ್ ಇದ್ರೆ ಇಕೋ-ಆರ್-ಒನ್ ಕತ್ತರಿ ಸಹ ನಕಲಿ ಸೈಟ್ ಕಡಿಯೋಕೆ ಶುರು ಮಾಡತ್ತೆ, ಇದಕ್ಕೆ ಸ್ಟಾರ್ ಆಕ್ಟಿವಿಟಿ ಅಂತಾರೆ. ಗ್ಲಿಸರಾಲ್ ಜಾಸ್ತಿ ಆದ್ರೆ ಇಕೋ-ಆರ್-ಒನ್ ಮೀಥೈಲೇಸಲ್ಲೂ, ಬ್ಯಾಮ್-ಎಚ್-ಒನ್ ಮೀಥೈಲೇಸಲ್ಲೂ ಇದು ಕಂಡಿದೆ. ಎಂಜೈಮ್ ಸುರಿದು ರಾತ್ರಿಯೆಲ್ಲ ಇಟ್ರೆ ನಿಧಾನದ ನಕಲಿ ಸೈಟ್‌ಗೂ ಸಮಯ ಸಿಕ್ಕಿಬಿಡತ್ತೆ.

ಈ ಇಡೀ ಗುರುತು-ಕತ್ತರಿ ವ್ಯವಸ್ಥೆ ಬಿಡಿಸಿದ್ದಕ್ಕೆ, ಆ ಕತ್ತರಿಗಳನ್ನ ಜೀನ್ ಕೆಲಸಕ್ಕೆ ಬಳಸಿ ತೋರಿಸಿದ್ದಕ್ಕೆ ವರ್ನರ್ ಆರ್ಬರ್, ಹ್ಯಾಮಿಲ್ಟನ್ ಸ್ಮಿತ್, ಡೇನಿಯಲ್ ನೇಥನ್ಸ್ ಮೂವರಿಗೆ 1978ರಲ್ಲಿ ನೊಬೆಲ್ ಬಂತು, ಇದನ್ನೂ ಕ್ಲಾಸಲ್ಲಿ ಹೇಳಿ.

ಪ್ರಶ್ನೆ: ನಮ್ಮದು ಹಿರಿಯೂರು ಹತ್ರ. ನಮ್ಮಣ್ಣನಿಗೆ ಬ್ಲಡ್ ಕ್ಯಾನ್ಸರ್ ಅಂದಿದಾರೆ. ರಿಪೋರ್ಟಲ್ಲಿ ಡಿಎನ್‌ಎಂಟಿ3ಎ, ಆರ್882ಎಚ್ ಅಂತ ಬರ್ದಿದೆ. ಇಂಟರ್ನೆಟ್ಟಲ್ಲಿ ನೋಡಿದ್ರೆ ಮೀಥೈಲ್ ಎಂಜೈಮ್ ಅಂತಿದೆ, ನೀವು ಬರ್ದಿದ್ದು ನೆನಪಾಯ್ತು. ಆ ಎಂಜೈಮ್ ಜಾಗ ತಪ್ಪಿ ಗುರುತು ಹಾಕಿದ್ದಕ್ಕೇ ಹಿಂಗಾಯ್ತಾ? ನಮ್ಮ ಮಕ್ಕಳಿಗೂ ಬರತ್ತಾ?

ಅಣ್ಣಾರೆ, ನಿಮ್ಮ ಪತ್ರ ಓದಿ ಮನಸ್ಸಿಗೆ ಬಹಳ ಕಷ್ಟ ಆಯ್ತು. ಚಿಕಿತ್ಸೆ ಬಗ್ಗೆ ನಾನು ಮಾತಾಡೋ ಹಂಗಿಲ್ಲ, ಅದನ್ನ ನೋಡ್ತಿರೋ ಡಾಕ್ಟರನ್ನೇ ಕೂತು ಕೇಳಿ, ಆದ್ರೆ ಆ ಅಕ್ಷರಗಳಿಗೆ ಅರ್ಥ ಏನು ಅಂತ ಹೇಳ್ತೀನಿ.

ಮಕ್ಕಳ ವಿಷಯ ಮೊದಲು. ಲುಕೇಮಿಯಾದಲ್ಲಿ ಸಿಗೋ ಈ ಬದಲಾವಣೆ ಸಾಮಾನ್ಯವಾಗಿ ಹುಟ್ಟಿನಿಂದ ಬಂದಿದ್ದಲ್ಲ, ವಯಸ್ಸಾಗ್ತಾ ರಕ್ತ ಮಾಡೋ ಒಂದು ಕೋಶದಲ್ಲಿ ಆಗಿರೋದು, ಅದು ಆ ಕೋಶದ ಸಂತತೀಲಿ ಮಾತ್ರ ಇರತ್ತೆ. ಕಾಯಿಲೆ ಇಲ್ಲದ ವಯಸ್ಸಾದವರ ರಕ್ತದಲ್ಲೂ ಇದು ಕಾಣೋದುಂಟು. ಆದ್ರೂ ಡಾಕ್ಟರ್ ಹತ್ರ ಇದೊಂದು ಮಾತು ಬಾಯಿ ಬಿಟ್ಟು ಕೇಳಿ, ನಿಮ್ಮ ಸಮಾಧಾನಕ್ಕೆ.

ಆರ್882ಎಚ್ ಅಂದ್ರೆ ಡಿಎನ್‌ಎಂಟಿ3ಎ ಅನ್ನೋ ಎಂಜೈಮಿನ 882ನೇ ಜಾಗದಲ್ಲಿ ಅರ್ಜಿನಿನ್ ಬದಲು ಹಿಸ್ಟಿಡಿನ್ ಬಂದು ಕೂತಿದೆ. ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾದಲ್ಲಿ ಡಿಎನ್‌ಎಂಟಿ3ಎ ಬದಲಾವಣೆ ಬಹಳ ಜನರಲ್ಲಿ ಇದೆ ಅಂತ 2010ರಲ್ಲಿ ಗೊತ್ತಾಯ್ತು, ಅದರಲ್ಲೂ ಈ 882ನೇ ಜಾಗಾನೇ ಎಲ್ಲಕ್ಕಿಂತ ಹೆಚ್ಚು. ಮನುಷ್ಯರ ಮೀಥೈಲೇಸ್‌ಗಳು ಮುಖ್ಯವಾಗಿ ಓದೋದು ಎರಡೇ ಅಕ್ಷರ, ಸಿ ಆದ್ಮೇಲೆ ಜಿ. ಅಂಥ ಜಾಗ ನಮ್ಮ ಜೀನೋಮಲ್ಲಿ ಸುಮಾರು 2.8 ಕೋಟಿ, ಅದರಲ್ಲಿ ನೂರಕ್ಕೆ 70-80 ಕಡೆ ಗುರುತಿರತ್ತೆ. ಎರಡೇ ಅಕ್ಷರ ಆದ್ದರಿಂದ ಅದರ ಅಕ್ಕಪಕ್ಕ ಏನಿದೆ ಅನ್ನೋದೂ ಎಂಜೈಮಿಗೆ ಲೆಕ್ಕಕ್ಕೆ ಬರತ್ತೆ, ಕೆಲವು ಅಕ್ಕಪಕ್ಕ ಇದ್ರೆ ಬೇಗ, ಕೆಲವು ಇದ್ರೆ ನಿಧಾನ. ಆರ್882ಎಚ್ ಆದಾಗ ಎರಡು ಆಗತ್ತೆ, ಎಂಜೈಮಿನ ಒಟ್ಟು ಶಕ್ತಿ ಕುಂದತ್ತೆ, ಅಕ್ಕಪಕ್ಕದ ಇಷ್ಟ-ಅನಿಷ್ಟಾನೂ ಬದಲಾಗತ್ತೆ. ಹಂಗಾಗಿ ಪೂರ್ತಿ ಜಾಗ ತಪ್ಪಿ ಬೇರೆಲ್ಲೋ ಹಾಕ್ತು ಅನ್ನೋದಕ್ಕಿಂತ ಹಾಕ್ಬೇಕಾದ ಕಡೆ ಕಮ್ಮಿ ಹಾಕ್ತು, ಹಂಚಿಕೆ ಏರುಪೇರಾಯ್ತು ಅನ್ನೋದು ಹತ್ತಿರದ ಮಾತು. ಇದೊಂದರಿಂದಲೇ ಕಾಯಿಲೆ ಬರಲ್ಲ, ಸಾಮಾನ್ಯವಾಗಿ ಇನ್ನೂ ಬೇರೆ ಬದಲಾವಣೆ ಸೇರ್ಕೊಂಡಿರ್ತಾವೆ. ನಿಮ್ಮಣ್ಣ ಮಾಡಿದ ಯಾವ ತಪ್ಪಿಗೂ ಇದು ಬಂದಿದ್ದಲ್ಲ, ಅದನ್ನ ಅವರಿಗೆ ಹೇಳಿ.

ಅದೇ ಎಂಜೈಮಲ್ಲಿ 836ನೇ ಅರ್ಜಿನಿನ್ ಅಂತ ಇನ್ನೊಂದಿದೆ, ಜಿ ಅಕ್ಷರ ಮುಟ್ಟಿ ನೋಡೋದು ಅದು, ಅದನ್ನ ಲ್ಯಾಬಲ್ಲಿ ಬದಲಾಯಿಸಿದ್ರೆ ಆವಾಗ ನಿಜವಾಗಿ ಓದೋದೇ ಸಡಿಲ ಆಗಿ ಸಿ-ಎ ಥರದ ಜಾಗಕ್ಕೂ ಹೆಚ್ಚು ಗುರುತು ಹಾಕತ್ತೆ. ಎರಡೂ ಅರ್ಜಿನಿನ್ನೇ, ಕೆಡೋ ರೀತಿ ಬೇರೆ. ಸಿ-ಎಗೆ ಹಾಕೋದೆಲ್ಲ ತಪ್ಪು ಅಂತಾನೂ ಅಲ್ಲ, ನಮ್ಮ ಮೆದುಳಿನ ನರಕೋಶಗಳಲ್ಲಿ ಡಿಎನ್‌ಎಂಟಿ3ಎ ಸಿ-ಎ ಜಾಗಕ್ಕೂ ಮೀಥೈಲ್ ಹಾಕತ್ತೆ, ಅಲ್ಲಿ ಅದಕ್ಕೆ ಕೆಲಸ ಇದೆ.

ಪ್ರಶ್ನೆ: ಕೋಶ ಒಡೆದಾಗಲೆಲ್ಲ ಹಳೇ ಗುರುತು ಹೊಸ ಎಳೆಗೆ ಕಾಪಿ ಆಗತ್ತೆ ಅಂತ ಓದಿದೀನಿ. ಆ ಕಾಪಿ ಎಷ್ಟು ಸರಿಯಾಗಿ ಆಗತ್ತೆ? ನಾನು ಹರಿಹರದವನು, ಬಿಎಸ್ಸಿ ಮುಗಿಸಿ ಫಾರ್ಮಸಿ ಅಂಗಡೀಲಿ ಕೆಲಸ ಮಾಡ್ತಿದೀನಿ. ಮತ್ತೆ, ಮೀಥೈಲೇಷನ್ ಸರಿ ಮಾಡೋ ಮಾತ್ರೆ ಅಂತ ಜಾಹೀರಾತು ಬರ್ತಾವೆ, ನಿಜಾನಾ?

ಕಾಪಿ ಮಾಡೋದು ಡಿಎನ್‌ಎಂಟಿ1, 1988ರಲ್ಲಿ ಇದರ ಜೀನ್ ಹಿಡಿದಿದ್ದು ಟಿಮತಿ ಬೆಸ್ಟರ್ ಮತ್ತೆ ಜೊತೆಯವರು. ಬರೀ ಎಂಜೈಮ್ ತಗೊಂಡು ಟ್ಯೂಬಲ್ಲಿ ಅಳೆದ್ರೆ ಗುರುತಿಲ್ಲದ ಸೈಟಿಗಿಂತ ಅರ್ಧ ಗುರುತಿನ ಸೈಟನ್ನ 10ರಿಂದ 40 ಪಟ್ಟು ಹೆಚ್ಚು ಇಷ್ಟ ಪಡತ್ತೆ. ಇದು ಸಾಲ್ದು. ಅದಕ್ಕೇ ಯುಎಚ್‌ಆರ್‌ಎಫ್1 ಅಂತ ಇನ್ನೊಂದು ಪ್ರೋಟೀನ್ ಮೊದಲು ಹೋಗಿ ಅರ್ಧ ಗುರುತಿನ ಜಾಗ ಹಿಡ್ಕೊಂಡು ಇದನ್ನ ಅಲ್ಲಿಗೆ ಕರ್ಕೊಳ್ಳತ್ತೆ, 2007ರಲ್ಲಿ ಇದು ಗೊತ್ತಾಯ್ತು.

ಈಗ ನೀವೇ ಕ್ಯಾಲ್ಕುಲೇಟರ್ ತಗೊಳ್ಳಿ. ನೂರಕ್ಕೆ 96 ಸರಿಯಾಗಿ ಕಾಪಿ ಆಗತ್ತೆ ಅಂದ್ಕೊಳ್ಳಿ, ಒಳ್ಳೇ ಮಾರ್ಕ್ಸೇ. 0.96ನ 20 ಸಲ ಗುಣಿಸಿ, 0.44 ಬರತ್ತೆ. ಇಪ್ಪತ್ತು ಸಲ ಕೋಶ ಒಡೆಯೋಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಗುರುತು ಅಳಿಸಿ ಹೋಗ್ಬೇಕು, ಆದ್ರೆ ನಮ್ಮ ದೇಹದಲ್ಲಿ ಹಂಗೆ ಆಗಲ್ಲ. ಕಾಪಿ ಒಂದೇ ಇದನ್ನ ಉಳಿಸ್ತಿಲ್ಲ, ಡಿಎನ್‌ಎಂಟಿ3ಎ, 3ಬಿ ಮತ್ತೆ ಮತ್ತೆ ಬಂದು ಬಿಟ್ಟಿದ್ದನ್ನ ತುಂಬ್ತಾವೆ. ಒಂದೊಂದು ಸೈಟಿಗೆ ಲೆಕ್ಕ ಇಡೋದಕ್ಕಿಂತ ಒಂದು ಪ್ರದೇಶದ ಒಟ್ಟು ಮಟ್ಟ ಕಾಯ್ಕೊಳ್ಳೋದು ಇಲ್ಲಿ ನಡೀತಿರೋದು, ಬ್ಯಾಕ್ಟೀರಿಯಾಗೂ ನಮಗೂ ಇರೋ ದೊಡ್ಡ ವ್ಯತ್ಯಾಸ ಇದೇ ಅಂತ ನನ್ನ ಅಭಿಪ್ರಾಯ.

ಮಾತ್ರೆ: ಮೀಥೈಲ್ ಕೊಡೋ ಎಸ್-ಅಡೆನೊಸಿಲ್ ಮೆಥಿಯೋನಿನ್ ತಯಾರಾಗೋಕೆ ಫೋಲೇಟ್, ಬಿ12 ಬೇಕು, ಕೊರತೆ ಇದ್ರೆ ಡಾಕ್ಟರ್ ಕೊಡ್ತಾರೆ. ಆದ್ರೆ ಮೀಥೈಲ್ ಎಲ್ಲಿ ಹೋಗಿ ಕೂರ್ಬೇಕು ಅಂತ ಯಾವ ವಿಟಮಿನ್ನೂ ಹೇಳಲ್ಲ. ಜಾಹೀರಾತು ನೋಡಿ ಕೇಳ್ಕೊಂಡು ಬಂದೋರಿಗೆ ಇಷ್ಟು ಹೇಳಿ ಕಳಿಸಿ.

ಪ್ರಶ್ನೆ: ದಾವಣಗೆರೆಯಿಂದ, ಪಿಎಚ್‌ಡಿ ಮಾಡ್ತಿದೀನಿ. ಬೈಸಲ್ಫೈಟ್ ಸೀಕ್ವೆನ್ಸಿಂಗ್ ಮಾಡಿಸಿದ್ವಿ, ಚರ್ಮದ ಕೋಶ. ಸಿ-ಜಿ ಅಲ್ಲದ ಸಿ ಮೇಲೂ ನೂರಕ್ಕೆ ಒಂದೆರಡು ಮೀಥೈಲ್ ತೋರಿಸ್ತಿದೆ. ಎಂಜೈಮ್ ತಪ್ಪು ಮಾಡ್ತಿದೆ ಅಂತ ಪೇಪರ್ ಬರೀಬಹುದಾ ಸರ್?

ತಡ್ಕೊಳ್ಳಿ. ಬೈಸಲ್ಫೈಟ್ ಹಾಕಿದ್ರೆ ಗುರುತಿಲ್ಲದ ಸಿ ಎಲ್ಲಾ ಯು ಆಗಿ, ಓದುವಾಗ ಟಿ ಅಂತ ಕಾಣತ್ತೆ, ಮೀಥೈಲ್ ಇರೋ ಸಿ ಮಾತ್ರ ಸಿ ಆಗೇ ಉಳಿಯತ್ತೆ. ಆದ್ರೆ ರಿಯಾಕ್ಷನ್ ಪೂರ್ತಿ ಆಗದೇ ಒಂದಷ್ಟು ಸಿ ಬದಲಾಗದೆ ಉಳಿದ್ರೂ ಸಿ ಅಂತಾನೇ ಕಾಣತ್ತೆ, ಕಂಪ್ಯೂಟರ್ ಅದನ್ನೂ ಮೀಥೈಲ್ ಅಂತ ಎಣಿಸತ್ತೆ. ನಿಮ್ಮ ನೂರಕ್ಕೆ ಒಂದೆರಡು ಅದೇ ಇರ್ಬಹುದು. ಸ್ಯಾಂಪಲ್ ಜೊತೆ ಮೀಥೈಲ್ ಇಲ್ಲದ ಲ್ಯಾಂಬ್ಡಾ ಫೇಜ್ ಡಿಎನ್‌ಎ ಸ್ವಲ್ಪ ಬೆರೆಸಿ ಕಳಿಸಿದ್ರಾ? ಕಳಿಸಿದ್ರೆ ಅದರಲ್ಲಿ ಎಷ್ಟು ಸಿ ಉಳಿದಿದೆ ನೋಡಿ, ಅಲ್ಲೂ ನೂರಕ್ಕೆ ಒಂದೆರಡೇ ಇದ್ರೆ ತಪ್ಪು ಕೆಮಿಸ್ಟ್ರಿಯದ್ದು, ಎಂಜೈಮಿನದ್ದಲ್ಲ. ಲ್ಯಾಂಬ್ಡಾದಲ್ಲಿ ಕಮ್ಮಿ ಇದ್ದು ನಿಮ್ಮ ಸ್ಯಾಂಪಲಲ್ಲಿ ಜಾಸ್ತಿ ಇದ್ರೆ ಆ ಸಿಗಳ ಮುಂದಿನ ಅಕ್ಷರ ಏನಿದೆ ಬಿಡಿಸಿ ನೋಡಿ. ಡಿಎನ್‌ಎಂಟಿ3ಎ ಕೆಲಸ ಆಗಿದ್ರೆ ಎ ಇರೋ ಕಡೆ ಗುಂಪಾಗಿರತ್ತೆ, ಟಿ, ಸಿ, ಎ ಎಲ್ಲಾ ಕಡೆ ಒಂದೇ ಸಮ ಹರಡಿದ್ರೆ ಮತ್ತೆ ಕೆಮಿಸ್ಟ್ರಿ ಮೇಲೇ ಅನುಮಾನ ಪಡಿ.

ಒಂದು ಕಥೆ ಹೇಳ್ಬೇಕು. ಡಿಎನ್‌ಎಂಟಿ2 ಅಂತ ಒಂದು ಎಂಜೈಮ್ ಇದೆ, ನೋಡೋಕೆ ಥೇಟ್ ಡಿಎನ್‌ಎ ಮೀಥೈಲೇಸೇ, ಸೀಕ್ವೆನ್ಸ್ ಹೊಂದತ್ತೆ, ಆಕಾರ ಹೊಂದತ್ತೆ, ಹೆಸರೂ ಹಂಗೇ ಇಟ್ರು, ಆದ್ರೆ ಡಿಎನ್‌ಎ ಮೇಲೆ ಅದರ ಕೆಲಸ ತೀರಾ ಕಮ್ಮಿ, ಏನು ಓದತ್ತೆ ಅಂತ ವರ್ಷಗಟ್ಟಲೆ ಹುಡುಕಿದ್ರು. 2006ರಲ್ಲಿ ಬೆಸ್ಟರ್ ತಂಡ ತೋರಿಸ್ತು, ಅದರ ನಿಜವಾದ ಜಾಗ ಡಿಎನ್‌ಎಯಲ್ಲೇ ಇಲ್ಲ, ಆಸ್ಪಾರ್ಟಿಕ್ ಆಸಿಡ್ ಹೊರೋ ಟ್ರಾನ್ಸ್‌ಫರ್ ಆರ್‌ಎನ್‌ಎಯ 38ನೇ ಸಿ ಅಕ್ಷರ ಅದು. ಅಲ್ಲಿ ಅದು ಚುರುಕು. ಅಷ್ಟು ದಿನ ಸಡಿಲ, ಸೋಮಾರಿ ಅಂತ ಬರೆಸ್ಕೊಂಡ ಎಂಜೈಮಿಗೆ ನಾವು ಕೊಟ್ಟಿದ್ದ ಕಾಗದಾನೇ ಬೇರೆ ಆಗಿತ್ತು.

ಹಂಗಾಗಿ ಪೇಪರ್ ಡ್ರಾಫ್ಟ್ ಪಕ್ಕಕ್ಕಿಟ್ಟು ನಾಳೆ ಹೋಗಿ ಮೊದಲು ಲ್ಯಾಂಬ್ಡಾ ಫೈಲ್ ತೆಗೀರಿ, ಅದರ ನಂಬರ್ ಬರೆದು ಕಳಿಸಿ, ಮುಂದಿನ ತಿಂಗಳು ಇಲ್ಲೇ ಕೂತು ಇಬ್ಬರೂ ನೋಡೋಣ.